ನಕ್ಷತ್ರಗಳ ತೊಟ್ಟಿಲಿಗೆ ಕಿವಿಗೊಟ್ಟಾಗ

ಊರಿನ ದೀಪಗಳಿಂದ ದೂರ, ಮರುಭೂಮಿಯಲ್ಲಿ ನಿಂತು ಚಂದ್ರನಿಲ್ಲದ ರಾತ್ರಿಯ ಆಕಾಶ ನೋಡಿದ್ದೀರಾ? ಹಾಲು ಚೆಲ್ಲಿದಂತೆ ಒಂದು ಬೆಳ್ಳನೆಯ ಪಟ್ಟಿ ಕಾಣುತ್ತದೆ. ಅದೇ ನಮ್ಮ ಆಕಾಶಗಂಗೆ. ಸ್ವಲ್ಪ ಹೊತ್ತು ದಿಟ್ಟಿಸಿದರೆ ಅದರ ನಡುನಡುವೆ ಕಪ್ಪು ಕಲೆಗಳೂ ಕಾಣುತ್ತವೆ. ಅಲ್ಲಿ ನಕ್ಷತ್ರಗಳೇ ಇಲ್ಲ ಎಂದುಕೊಂಡರೆ ತಪ್ಪು. ಅಲ್ಲಿರುವುದು ಅನಿಲ ಮತ್ತು ಧೂಳಿನ ದಟ್ಟ ಮೋಡ. ಹಿಂದಿರುವ ನಕ್ಷತ್ರಗಳನ್ನು ಅದು ಮರೆಮಾಡುತ್ತದೆ. ವಿಶೇಷವೆಂದರೆ, ಹೊಸ ನಕ್ಷತ್ರಗಳು ಹುಟ್ಟುವುದು ಇಂಥ ಮೋಡಗಳ ಒಳಗೇ!

ಈ ಮೋಡಗಳ ಒಳಗೆ ಸೊನ್ನೆಗಿಂತ ಸುಮಾರು 260 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಅಷ್ಟು ತಣ್ಣಗಿರುವುದರಿಂದಲೇ ಅನಿಲವು ತನ್ನದೇ ಗುರುತ್ವಕ್ಕೆ ಸೋತು ಕುಗ್ಗುತ್ತದೆ. ಕುಗ್ಗಿದಂತೆ ನಡುಭಾಗ ಕಾಯುತ್ತದೆ. ಕೊನೆಗೆ ಜಲಜನಕದ ಬೀಜಗಳು ಬೆಸೆದುಕೊಂಡು ನಕ್ಷತ್ರ ಹೊತ್ತಿಕೊಳ್ಳುತ್ತದೆ. ಆಕಾಶಗಂಗೆಯಲ್ಲಿ ವರ್ಷಕ್ಕೆ ಸುಮಾರು ಎರಡು ಸೂರ್ಯರಷ್ಟು ಅನಿಲ ಹೀಗೆ ನಕ್ಷತ್ರವಾಗುತ್ತದೆ. ಆದರೆ ಇದನ್ನು ನೋಡುವುದು ಹೇಗೆ? ಆಕಾಶಗಂಗೆಯ ಕೇಂದ್ರದಿಂದ ಹೊರಟ ಬೆಳಕಿನಲ್ಲಿ ಲಕ್ಷ ಕೋಟಿಯಲ್ಲಿ ಒಂದು ಪಾಲು ಮಾತ್ರ ಧೂಳನ್ನು ದಾಟಿ ನಮ್ಮನ್ನು ತಲುಪುತ್ತದೆ.

ಬಾಗಿಲು, ಕಿಟಕಿ ಮುಚ್ಚಿದ ಕೋಣೆಗೆ ಹೊರಗಿನ ಬೆಳಕು ಬರುವುದಿಲ್ಲ. ಆದರೆ ಅಲ್ಲಿಟ್ಟ ರೇಡಿಯೋ ಹಾಡುತ್ತಲೇ ಇರುತ್ತದೆ. ಧೂಳಿನ ಕಣಗಳಿಗಿಂತ ರೇಡಿಯೋ ಅಲೆಗಳು ಬಹಳ ಉದ್ದವಾದ್ದರಿಂದ ಅವು ಧೂಳಿನ ಮೋಡವನ್ನು ಸಲೀಸಾಗಿ ದಾಟುತ್ತವೆ. ಆಕಾಶಗಂಗೆಯಿಂದ ರೇಡಿಯೋ ಅಲೆಗಳು ಬರುತ್ತಿವೆ ಎಂದು 1933ರಲ್ಲಿ ಮೊದಲು ತಿಳಿಸಿದವರು ಅಮೆರಿಕದ ಎಂಜಿನಿಯರ್ ಕಾರ್ಲ್ ಜಾನ್ಸ್ಕಿ.

ರೇಡಿಯೋ ದೂರದರ್ಶಕಕ್ಕೆ ಮುಖ್ಯವಾಗಿ ಮೂರು ಬಗೆಯ ಸುಳಿವು ಸಿಗುತ್ತದೆ. ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಕದ ನಕ್ಷತ್ರ ಹುಟ್ಟುವ ಜಾಗದಲ್ಲಿ ಮೆಥನಾಲ್ ಅಣುಗಳು ಲೇಸರ್‌ನಂತೆ, ಆದರೆ ರೇಡಿಯೋ ಅಲೆಯಲ್ಲಿ, ತೀಕ್ಷ್ಣವಾಗಿ ಬೆಳಗುತ್ತವೆ. ಇದಕ್ಕೆ ಮೇಸರ್ ಎಂದು ಹೆಸರು. ನಕ್ಷತ್ರ ಬೆಳೆದ ಮೇಲೆ ಅದರ ಅತಿನೇರಳೆ ಕಿರಣಗಳು ಸುತ್ತಲಿನ ಜಲಜನಕವನ್ನು ಸೀಳುತ್ತವೆ. ಬಿಡುಗಡೆಯಾದ ಎಲೆಕ್ಟ್ರಾನುಗಳು ರೇಡಿಯೋ ಅಲೆ ಸೂಸುತ್ತವೆ. ಕೊನೆಗೆ ನಕ್ಷತ್ರ ಸಿಡಿದು ಸೂಪರ್‌ನೋವಾ ಆದಾಗ ಉಳಿಯುವ ಚಿಪ್ಪೂ ರೇಡಿಯೋದಲ್ಲಿ ಕಾಣುತ್ತದೆ. ಅಂದರೆ ಹುಟ್ಟು, ಬೆಳವಣಿಗೆ, ಸಾವು ಮೂರೂ ಒಂದೇ ನಕ್ಷೆಯಲ್ಲಿ!

ಜರ್ಮನಿಯ ಬಾನ್ ನಗರದ ಮ್ಯಾಕ್ಸ್ ಪ್ಲಾಂಕ್ ರೇಡಿಯೋ ಖಗೋಳ ಸಂಸ್ಥೆಯ ನೇತೃತ್ವದ 'ಗ್ಲೋಸ್ಟಾರ್' ಸಮೀಕ್ಷೆ ಮಾಡಿದ್ದು ಇದನ್ನೇ. ಅದು ಎರಡು ದೂರದರ್ಶಕಗಳನ್ನು ಬಳಸಿತು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 25 ಮೀಟರ್ ಅಗಲದ 27 ತಟ್ಟೆಗಳು ಒಟ್ಟಾಗಿ ಕೆಲಸ ಮಾಡುತ್ತವೆ. ಇವು ಸೂಕ್ಷ್ಮ ವಿವರಗಳನ್ನು ಹಿಡಿಯುತ್ತವೆ. ಆದರೆ ಹರಡಿಕೊಂಡ ಮಸುಕು ಬೆಳಕು ಇವುಗಳಿಂದ ಜಾರಿಹೋಗುತ್ತದೆ. ಅದನ್ನು ಹಿಡಿಯಲು ಜರ್ಮನಿಯ ಎಫೆಲ್ಸ್‌ಬರ್ಗ್‌ನ 100 ಮೀಟರ್ ಅಗಲದ ಒಂಟಿ ತಟ್ಟೆ ಬೇಕು. ಎರಡನ್ನೂ ಸೇರಿಸಿದಾಗಲೇ ಚಿತ್ರ ಪೂರ್ಣ.

ಇಷ್ಟೆಲ್ಲ ಶ್ರಮ ಏಕೆ? ಒಂದು ಲೆಕ್ಕ ತಾಳೆಯಾಗುತ್ತಿಲ್ಲ. ದೊಡ್ಡ ನಕ್ಷತ್ರಗಳು ಹುಟ್ಟುವ ಮತ್ತು ಸಿಡಿಯುವ ವೇಗವನ್ನು ನೋಡಿದರೆ ಆಕಾಶಗಂಗೆಯಲ್ಲಿ ಸಾವಿರಕ್ಕೂ ಹೆಚ್ಚು ಸೂಪರ್‌ನೋವಾ ಚಿಪ್ಪುಗಳು ಇರಬೇಕು. ಖಚಿತವಾಗಿ ಗೊತ್ತಿರುವುದು ಸುಮಾರು ಮುನ್ನೂರು ಮಾತ್ರ. ಉಳಿದವು ಎಲ್ಲಿ? ಅವು ಇಲ್ಲವೇ ಇಲ್ಲವೆಂದಾದರೆ ನಕ್ಷತ್ರಗಳ ಹುಟ್ಟಿನ ಬಗ್ಗೆ ನಾವು ತಿಳಿದಿರುವುದೇ ತಪ್ಪಾದೀತು. ಗ್ಲೋಸ್ಟಾರ್ ತಂಡ ರೇಡಿಯೋ ನಕ್ಷೆಯನ್ನು ಅತಿಗೆಂಪು ಕಿರಣಗಳ ನಕ್ಷೆಯ ಪಕ್ಕದಲ್ಲಿಟ್ಟು ನೋಡಿತು. ಎಳೆಯ ನಕ್ಷತ್ರದ ಸುತ್ತ ಬೆಚ್ಚಗಿನ ಧೂಳು ಇರುವುದರಿಂದ ಅದು ಎರಡರಲ್ಲೂ ಹೊಳೆಯುತ್ತದೆ. ಸಿಡಿದ ನಕ್ಷತ್ರದ ಚಿಪ್ಪು ರೇಡಿಯೋದಲ್ಲಿ ಹೊಳೆದರೂ ಅತಿಗೆಂಪಿನಲ್ಲಿ ಹೆಚ್ಚಾಗಿ ಮಂಕು. ಹೀಗೆ ಜರಡಿ ಹಿಡಿದಾಗ, 2021ರಲ್ಲಿ ಪ್ರಕಟವಾದಂತೆ, ಚಿಪ್ಪುಗಳೆಂದು ಶಂಕಿಸಬಹುದಾದ 80 ಹೊಸ ತಾಣಗಳು ಸಿಕ್ಕವು. ಮರುವರ್ಷದ ವರದಿಯಲ್ಲಿ 500ಕ್ಕೂ ಹೆಚ್ಚು ಮೆಥನಾಲ್ ಮೇಸರ್‌ಗಳ ಪಟ್ಟಿ ಬಂತು. ಲೆಕ್ಕ ಇನ್ನೂ ಮುಗಿದಿಲ್ಲ, ಆದರೆ ಕಳೆದುಹೋದವು ಧೂಳಿನ ಮರೆಯಲ್ಲೇ ಇವೆ ಎಂಬ ನಂಬಿಕೆಗೆ ಬಲ ಬಂದಿದೆ.

ಇಂಥ ಕೆಲಸ ನಮಗೆ ಹೊಸದೇನಲ್ಲ. ನಮ್ಮ ಗೌರಿಬಿದನೂರಿನ ಬಳಿ 1976ರಲ್ಲಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ಜೋಡಿಸಿ ಒಂದು ರೇಡಿಯೋ ದೂರದರ್ಶಕ ಕಟ್ಟಲಾಯಿತು. ಅದರಿಂದ ತಯಾರಾದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು.

ವಿದ್ಯಾರ್ಥಿ ಮಿತ್ರರೇ, ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಎಂದೋ ಸಿಡಿದುಹೋದ ಇಂಥ ದೊಡ್ಡ ನಕ್ಷತ್ರಗಳ ಒಡಲಲ್ಲಿ ತಯಾರಾದದ್ದು. ಆಕಾಶಗಂಗೆಯ ಕಪ್ಪು ಕಲೆಗಳನ್ನು ಮುಂದಿನ ಸಲ ನೋಡುವಾಗ ಅದನ್ನು ನೆನಪಿಡಿ. ಅದು ಖಾಲಿ ಜಾಗವಲ್ಲ, ತೊಟ್ಟಿಲು.