ನಿಮಗಿದು ಗೊತ್ತೇ?: ಬಂಡವಾಳ ಓಡಿದಾಗ ಬೆವರಿನ ದುಡ್ಡು ಬರುತ್ತಲೇ ಇತ್ತು

● ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಎದ್ದದ್ದು 2008ರ ಸೆಪ್ಟೆಂಬರ್ 15ರಂದು. ಮರುವರ್ಷ ಅಭಿವೃದ್ಧಿಶೀಲ ದೇಶಗಳಿಗೆ ಬರುವ ವಿದೇಶಿ ಹೂಡಿಕೆ ಭಾರೀ ಕುಸಿಯಿತು. ವಲಸಿಗರು ಊರಿಗೆ ಕಳಿಸುವ ಹಣ ತಗ್ಗಿದ್ದು ಮಾತ್ರ ಶೇ 5–6ರಷ್ಟು!

● ಹೇಗೆ? ನಷ್ಟದ ವಾಸನೆ ಬಡಿದರೆ ಹೂಡಿಕೆದಾರ ಗಂಟುಮೂಟೆ ಕಟ್ಟುತ್ತಾನೆ. ದುಡಿಯಲು ಹೋದವನು ಹಾಗಲ್ಲ. ಸಂಬಳ ಕಡಿಮೆಯಾದರೆ ತನ್ನ ಖರ್ಚಿಗೆ ಕತ್ತರಿ ಹಾಕಿ ಮನೆಗೆ ಕಳಿಸುತ್ತಾನೆ.

● 2008ರ ಆರಂಭದಲ್ಲಿ ಡಾಲರ್‌ಗೆ 40 ರೂಪಾಯಿ ಆಸುಪಾಸು. 2009ರ ಮಾರ್ಚ್‌ನಲ್ಲಿ 50ಕ್ಕೂ ಹೆಚ್ಚು. ಯುಎಇಯ ದಿರ್ಹಮ್ ಬೆಲೆ ಡಾಲರ್‌ಗೆ ಕಟ್ಟುಬಿದ್ದಿದೆ. ಹಾಗಾಗಿ ದುಬೈನಿಂದ ಬಂದ ಅಷ್ಟೇ ದಿರ್ಹಮ್‌ಗೆ ಭಟ್ಕಳ, ಮಂಗಳೂರಿನ ಮನೆಗಳಿಗೆ ಹೆಚ್ಚು ರೂಪಾಯಿ ಸಿಕ್ಕಿತು.

● ತಜಿಕಿಸ್ತಾನಕ್ಕೆ ಈ ಅದೃಷ್ಟ ಇರಲಿಲ್ಲ. ದೇಶದ ಒಟ್ಟು ಉತ್ಪನ್ನದ ಶೇ 40ಕ್ಕೂ ಹೆಚ್ಚಿನಷ್ಟು ಹಣ ಬರುತ್ತಿದ್ದದ್ದು ವಲಸಿಗರಿಂದ, ಅದೂ ಬಹುಪಾಲು ರಷ್ಯಾದಿಂದ. ಅಲ್ಲಿ ಕಟ್ಟಡ ಕೆಲಸ ತಗ್ಗಿತು. 2009ರಲ್ಲಿ ತಜಿಕಿಸ್ತಾನಕ್ಕೆ ಬರುವ ಹಣದಲ್ಲಿ ಶೇ 30ರಷ್ಟು ಖೋತಾ.

● ಕೆಲಸ ಕಳೆದುಕೊಂಡ, ಜಪಾನಿ ಮೂಲದ ಬ್ರೆಜಿಲ್ ಮತ್ತು ಪೆರು ಕಾರ್ಮಿಕರಿಗೆ ಜಪಾನ್ 2009ರಲ್ಲಿ ತಲಾ 3 ಲಕ್ಷ ಯೆನ್ ಕೊಟ್ಟು ಊರಿಗೆ ಹೊರಡಿಸಿತು. ಜೆಕ್ ಸರ್ಕಾರ ತನ್ನಲ್ಲಿ ಕೆಲಸ ಕಳೆದುಕೊಂಡ ವಲಸಿಗರಿಗೆ ವಿಮಾನ ಟಿಕೆಟ್ ಜೊತೆ 500 ಯೂರೊ ಕೊಟ್ಟಿತು.

● ಸ್ಪೇನ್ ಲೆಕ್ಕ ಇನ್ನೂ ಬಿಗಿ: ನಿರುದ್ಯೋಗ ಭತ್ಯೆಯ ಶೇ 40 ಹೊರಡುವ ಮುನ್ನ, ಉಳಿದ ಶೇ 60 ತಾಯ್ನಾಡು ಮುಟ್ಟಿದ ಮೇಲೆ. ಮೂರು ವರ್ಷ ಇತ್ತ ತಲೆ ಹಾಕುವಂತಿಲ್ಲ!

● 2008ರ ಏಪ್ರಿಲ್‌ನಲ್ಲಿ ಅಮೆರಿಕದ ಎಚ್‌-1ಬಿ ಉದ್ಯೋಗ ವೀಸಾಕ್ಕೆ ಕೆಲವೇ ದಿನಗಳಲ್ಲಿ ಅರ್ಜಿಗಳು ಮಿತಿ ಮೀರಿ, ಲಾಟರಿ ಎತ್ತಬೇಕಾಯಿತು. ಬಿಕ್ಕಟ್ಟು ಬಡಿದ ಮೇಲೆ, ಮರುವರ್ಷ ಕೋಟಾ ಭರ್ತಿಯಾಗಲು ಡಿಸೆಂಬರ್ ಬಂತು.

● ಸಾಲ ಕೇಳುವವರು ಬಡ ದೇಶಗಳಷ್ಟೇ ಅಲ್ಲ. ಇದೇ ಬಿಕ್ಕಟ್ಟಿನಲ್ಲಿ ತನ್ನ ಮೂರು ದೊಡ್ಡ ಬ್ಯಾಂಕ್‌ಗಳು ಮುಳುಗಿದಾಗ ಶ್ರೀಮಂತ ಐಸ್‌ಲ್ಯಾಂಡ್ ಕೂಡ ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ನಿಂದ ಸುಮಾರು 210 ಕೋಟಿ ಡಾಲರ್ ಸಾಲ ಪಡೆಯಿತು.

● 1991ರಲ್ಲಿ ಭಾರತ ಸುಮಾರು 47 ಟನ್ ಚಿನ್ನ ಅಡವಿಟ್ಟು ವಿದೇಶಿ ವಿನಿಮಯ ಹೊಂದಿಸಿತ್ತು. 2009ರ ನವೆಂಬರ್‌ನಲ್ಲಿ ಅದೇ ಭಾರತ ಐಎಂಎಫ್‌ನಿಂದ 200 ಟನ್ ಚಿನ್ನ ಕೊಂಡಿತು!

● ಐಎಂಎಫ್‌ನಲ್ಲಿ ಭಾರತ, ಚೀನಾಗಳ ಮತಬಲ ಹೆಚ್ಚಿಸಲು 2010ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅಮೆರಿಕದ ಸಂಸತ್ತು ತಡಮಾಡಿದ್ದರಿಂದ ಜಾರಿಯಾದದ್ದು 2016ರಲ್ಲಿ. ಅಷ್ಟರಲ್ಲಿ ಬ್ರಿಕ್ಸ್ ದೇಶಗಳು ಶಾಂಘೈಯಲ್ಲಿ ತಮ್ಮದೇ ಬ್ಯಾಂಕ್ ತೆರೆದಿದ್ದವು. ಮೊದಲ ಅಧ್ಯಕ್ಷ ಯಾರು? ಸುರತ್ಕಲ್‌ನ ಕೆಆರ್‌ಇಸಿಯಲ್ಲಿ ಓದಿದ, ನಮ್ಮ ಮಂಗಳೂರಿನ ಕೆ.ವಿ. ಕಾಮತ್!

● ಕೋವಿಡ್ ಬಂದಾಗ, ವಲಸಿಗರ ಹಣ ಶೇ 20ರಷ್ಟು ಇಳಿಯಬಹುದೆಂದು ವಿಶ್ವ ಬ್ಯಾಂಕ್ ಅಂದಾಜಿಸಿತ್ತು. 2020ರಲ್ಲಿ ಇಳಿದದ್ದು ಶೇ 3ಕ್ಕಿಂತ ಕಡಿಮೆ. 2022ರಲ್ಲಿ ಭಾರತಕ್ಕೆ ಬಂದ ಮೊತ್ತ 10,000 ಕೋಟಿ ಡಾಲರ್ ದಾಟಿತು.

● ಹಣ ಕಳಿಸುವ ಶುಲ್ಕವನ್ನು ಐದು ವರ್ಷಗಳಲ್ಲಿ ಶೇ 10ರಿಂದ 5ಕ್ಕೆ ಇಳಿಸುವ ಗುರಿಯನ್ನು ಜಿ8 ನಾಯಕರು ಒಪ್ಪಿದ್ದು 2009ರಲ್ಲಿ. 2024ರಲ್ಲೂ ಜಾಗತಿಕ ಸರಾಸರಿ ಶೇ 6ರ ಮೇಲೆಯೇ ಇತ್ತು. ಬಿಕ್ಕಟ್ಟಿನಲ್ಲೂ ಕೈಬಿಡದ ಹಣಕ್ಕೆ ಇಷ್ಟು ಸುಂಕ!