ಅಬ್ಬಾ ಸೌದಿಯಲ್ಲಿ, ಅರ್ಜಿ ತಾವರಗೇರಾದಲ್ಲಿ

ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೇ ಏಳುತ್ತವೆ. ಮಗಳು ಮುಂದೆ ಓದಬೇಕೇ ಎಂಬುದು ಒಂದು, ಓದಿಸಲು ಹಣವೆಲ್ಲಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇಂದು ಹೆಚ್ಚಿನ ತಾಯಂದಿರು ಧೈರ್ಯದಿಂದ ‘ಹೌದು’ ಎನ್ನುತ್ತಾರೆ, ಅಲ್‌ಹಮ್ದುಲಿಲ್ಲಾಹ್. ಎರಡನೆಯದಕ್ಕೆ ಬಂದಾಗ, ಮನೆಯ ಯಜಮಾನರು ಗಲ್ಫಿನಲ್ಲಿದ್ದರೆ, ಅರ್ಜಿಯ ಮೊದಲ ಪುಟದಲ್ಲೇ ಪೆನ್ನು ನಿಂತುಬಿಡುತ್ತದೆ. ‘ತಂದೆಯ ಉದ್ಯೋಗ’, ‘ತಂದೆಯ ವಾರ್ಷಿಕ ಆದಾಯ’ ಎಂಬ ಜಾಗದಲ್ಲಿ ಏನು ಬರೆಯಬೇಕು?

ಕರಾವಳಿಯ ಹಾಗೆ ಮನೆಗೊಬ್ಬರು ಗಲ್ಫಿಗೆ ಹೋದ ಊರಲ್ಲ ನಮ್ಮ ತಾವರಗೇರಾ. ನಮ್ಮ ಕುಷ್ಟಗಿ ತಾಲೂಕಿನಲ್ಲಿ ಗುಳೆ ಎಂದರೆ ಬೆಂಗಳೂರು, ಮಂಗಳೂರು, ಗೋವಾ. ಸೌದಿ, ದುಬೈಗೆ ಚಾಲಕರಾಗಿ, ಗಾರೆ ಕೆಲಸಕ್ಕೆ ಹೋದವರು ಅಲ್ಲೊಬ್ಬರು ಇಲ್ಲೊಬ್ಬರು. ಹಾಗಾಗಿ ಅಕ್ಕಪಕ್ಕದ ಮನೆಯಲ್ಲಿ ಕೇಳಿ ತಿಳಿಯೋಣವೆಂದರೆ ಹೇಳುವವರಿಲ್ಲ. ಅರ್ಜಿ ಹಿಡಿದು ಬರುವ ತಾಯಂದಿರಲ್ಲಿ ನಾನು ಎರಡು ಮಾತು ಕೇಳುತ್ತೇನೆ. “ಅವರು ಅಲ್ಲಿ ದುಡಿಯೋದು ಇಲ್ಲಿನ ಸರಕಾರಕ್ಕೆ ಹ್ಯಾಂಗ ಗೊತ್ತಾಗ್ತದ್ರೀ? ಕೂಲಿ ಅಂತ ಬರೀರಿ” ಎನ್ನುವವರು ಕೆಲವರು. “ಗಲ್ಫಿನವರ ಮಗಳಿಗೆ ಸ್ಕಾಲರ್‌ಶಿಪ್ ಕೇಳಿದ್ರ ಮಂದಿ ನಗ್ತಾರ” ಎಂದು ಅರ್ಜಿಯನ್ನೇ ಹಾಕದವರು ಇನ್ನು ಕೆಲವರು. ಇಬ್ಬರ ಲೆಕ್ಕವೂ ತಪ್ಪು. ಇಬ್ಬರ ಮಕ್ಕಳಿಗೂ ನಷ್ಟ.

ಮೊದಲು ಕಾನೂನಿನ ಮಾತು. ವಿದ್ಯಾರ್ಥಿವೇತನದ ನಿಯಮಗಳಲ್ಲಿ ಕೇಳುವುದು ‘ಎಲ್ಲ ಮೂಲಗಳಿಂದ’ ಬರುವ ಕುಟುಂಬದ ಆದಾಯ. ಊರಿನ ಹೊಲದ್ದಾಗಲಿ, ರಿಯಾದಿನ ಸಂಬಳವಾಗಲಿ ಅದರಲ್ಲಿ ಸೇರುತ್ತದೆ. ಅನಿವಾಸಿಯಾಗಿ ವಿದೇಶದಲ್ಲಿ ಗಳಿಸಿ ಅಲ್ಲಿಯೇ ಪಡೆದ ಸಂಬಳಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ ನಿಜ. ಆದರೆ ತೆರಿಗೆ ಇಲ್ಲ ಎಂದರೆ ಆದಾಯವೇ ಇಲ್ಲ ಎಂದಲ್ಲ. ಮನೆಗೆ ಕಳಿಸಿದಷ್ಟನ್ನೇ ಆದಾಯವೆಂದು ತೋರಿಸುವುದೂ ಸರಿಯಲ್ಲ. ಅಲ್ಲಿ ಊಟ, ಕೋಣೆಗೆ ಖರ್ಚಾದುದೂ ಗಳಿಸಿದ ಹಣವೇ. ಸುಳ್ಳು ಆದಾಯ ತೋರಿಸಿದ್ದು ಸಿಕ್ಕಿಬಿದ್ದರೆ ಕೊಟ್ಟ ಹಣವನ್ನು ವಸೂಲು ಮಾಡಲು ನಿಯಮದಲ್ಲೇ ಅವಕಾಶವಿದೆ. ಅದಕ್ಕಿಂತ ಹೆಚ್ಚಾಗಿ, ಪ್ರಮಾಣಪತ್ರದ ಮೇಲೆ ಸಹಿ ಹಾಕುವುದೆಂದರೆ ಸಾಕ್ಷಿ ನುಡಿದಂತೆ. ಸುಳ್ಳು ಸಾಕ್ಷ್ಯ ದೀನಿನಲ್ಲಿ ಎಂಥ ಪಾಪವೆಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಿಲ್ಲ.

ಈಗ ನ್ಯಾಯದ ಮಾತು. ಸಾಚಾರ್ ಸಮಿತಿ 2006ರ ನವೆಂಬರಿನಲ್ಲಿ ವರದಿ ಕೊಟ್ಟ ಬಳಿಕ, 2007ರಲ್ಲಿ ಕೇಂದ್ರ ಸರಕಾರ ಅಲ್ಪಸಂಖ್ಯಾತರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭಿಸಿತು. ಆಗ ಇಟ್ಟ ಆದಾಯ ಮಿತಿ ವರ್ಷಕ್ಕೆ 2 ಲಕ್ಷ. ವೃತ್ತಿಪರ ಕೋರ್ಸುಗಳ ಮೆರಿಟ್-ಕಮ್-ಮೀನ್ಸ್ ಯೋಜನೆಗೆ 2.5 ಲಕ್ಷ. ಸೌದಿಯಲ್ಲಿ ತಿಂಗಳಿಗೆ 1,200 ರಿಯಾಲ್ ದುಡಿಯುವ ಚಾಲಕರೊಬ್ಬರನ್ನು ನೆನೆಯಿರಿ. 2007ರ ಕೊನೆಯಲ್ಲಿ ಒಂದು ರಿಯಾಲಿಗೆ ಹನ್ನೊಂದು ರೂಪಾಯಿಯೂ ಇರಲಿಲ್ಲ. ಅವರ ವರ್ಷದ ಆದಾಯ ಒಂದೂವರೆ ಲಕ್ಷದ ಆಸುಪಾಸು, ಮಗಳಿಗೆ ವಿದ್ಯಾರ್ಥಿವೇತನಕ್ಕೆ ಅರ್ಹತೆ ಇತ್ತು. ಅದೇ 1,200 ರಿಯಾಲನ್ನು 22 ರೂಪಾಯಿಯಂತೆ ಲೆಕ್ಕ ಹಾಕಿ: 3,16,800 ರೂಪಾಯಿ. ಸಂಬಳ ಒಂದು ರಿಯಾಲ್ ಕೂಡ ಏರಿಲ್ಲ. ರಿಯಾಲಿನ ಬೆಲೆ 1986ರಿಂದ ಡಾಲರಿಗೆ 3.75ರಂತೆ ಕಟ್ಟಿಹಾಕಿದ್ದು, ಇಳಿದದ್ದು ನಮ್ಮ ರೂಪಾಯಿ. ಆದರೂ ಕಾಗದದ ಮೇಲೆ ಆ ಮನುಷ್ಯ ‘ಸ್ಥಿತಿವಂತ’ನಾಗಿಬಿಟ್ಟ! ಅಕ್ಕಿ, ಬಾಡಿಗೆ, ಕಾಲೇಜು ಶುಲ್ಕ ಇಷ್ಟು ವರ್ಷದಲ್ಲಿ ಎಷ್ಟು ಏರಿವೆ ಎಂದು ನಿಮಗೇ ಗೊತ್ತು. ಮಿತಿಯನ್ನು ಬೆಲೆಯೊಂದಿಗೆ ಏರಿಸದೆ ಬಿಟ್ಟದ್ದು ಬಡವರಿಗಾದ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ಪರಿಹಾರ ಸುಳ್ಳು ಪತ್ರವಲ್ಲ. ಮೂರು ಲಕ್ಷದವರಿಗೂ ತೆರೆದಿರುವ ಬಾಗಿಲುಗಳನ್ನು ಹುಡುಕುವುದು.

ಅಂಥ ಬಾಗಿಲುಗಳಿವೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ ಆದಾಯ ಮಿತಿ 8 ಲಕ್ಷ. ಸಿಇಟಿ, ನೀಟ್ ಮೂಲಕ ವೈದ್ಯಕೀಯ, ಇಂಜಿನಿಯರಿಂಗ್‌ನಂಥ ಕೋರ್ಸಿಗೆ ಸೀಟು ಪಡೆಯುವವರಿಗೆ ಇದು. ಸೀಟು ಹಂಚಿಕೆಗೆ ಮೊದಲೇ ಅರ್ಜಿ ಹಾಕಿ ಮಂಜೂರಾದರೆ ಶುಲ್ಕ ನಿಗಮದಿಂದಲೇ ಪರೀಕ್ಷಾ ಪ್ರಾಧಿಕಾರಕ್ಕೆ ಸಂದಾಯವಾಗುತ್ತದೆ. ಆದ್ದರಿಂದ ಫಲಿತಾಂಶಕ್ಕೆ ಕಾದು ಕುಳಿತುಕೊಳ್ಳಬೇಡಿ. ಶೇ. 2 ಸೇವಾ ಶುಲ್ಕವಿದೆ. ಅದರ ಬಗ್ಗೆ ಮನಸ್ಸಿನಲ್ಲಿ ಸಂದೇಹವಿದ್ದರೆ ನಿಮ್ಮೂರ ಆಲಿಮರಲ್ಲಿ ಕೇಳಿ, ಆದರೆ ಕೊನೆಯ ದಿನಾಂಕ ದಾಟುವ ಮುಂಚೆ ಕೇಳಿ. 2ಬಿ ಪ್ರವರ್ಗದ ಮೀಸಲಾತಿಗೂ ಮಿತಿ 8 ಲಕ್ಷವೇ. ನದಾಫ್, ಪಿಂಜಾರ ಕುಟುಂಬಗಳು ಪ್ರವರ್ಗ 1ರಲ್ಲಿವೆ. ಅವರ ಮೀಸಲಾತಿಗೆ ಆದಾಯ ಮಿತಿಯೇ ಇಲ್ಲ.

ನಮ್ಮ ಕೊಪ್ಪಳ ಜಿಲ್ಲೆಯವರಿಗೆ ಇನ್ನೊಂದು ದೊಡ್ಡ ಸೌಲಭ್ಯ 371(ಜೆ). ಈ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟುಗಳು ಸ್ಥಳೀಯರಿಗೆ ಮೀಸಲು. ಇದಕ್ಕೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪತ್ರ ಬೇಕು, ಅದು ನೋಡುವುದು ಮೂಲವನ್ನೇ ಹೊರತು ಸಂಬಳವನ್ನಲ್ಲ. ದುಬಾರಿ ಸೀಟಿಗೆ ಸಾಲ ಹುಡುಕುವುದಕ್ಕಿಂತ ಈ ಪತ್ರದಿಂದ ಸರಕಾರಿ ಸೀಟು ಸಿಕ್ಕರೆ ಅದೇ ಎಲ್ಲಕ್ಕಿಂತ ದೊಡ್ಡ ವಿದ್ಯಾರ್ಥಿವೇತನ. ಹಾಗೆಯೇ, ತಂದೆ ವಿದೇಶದಲ್ಲಿದ್ದ ಮಾತ್ರಕ್ಕೆ ಮಗಳು ಎನ್‌ಆರ್‌ಐ ಕೋಟಾದ ದುಬಾರಿ ಸೀಟನ್ನೇ ತೆಗೆದುಕೊಳ್ಳಬೇಕೆಂದಿಲ್ಲ. ಸಿಇಟಿಯಲ್ಲಿ ಸಾಮಾನ್ಯವಾಗಿ ನೋಡುವುದು, ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ ಏಳು ವರ್ಷ ಅವಳು ಕರ್ನಾಟಕದಲ್ಲಿ ಓದಿದ್ದಾಳೆಯೇ ಎಂದು. ಮಕ್ಕಳನ್ನೂ ಕರೆದುಕೊಂಡು ಗಲ್ಫಿಗೆ ಹೊರಡುವವರು ಈ ಏಳರ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಲಿ.

ಗಲ್ಫ್ ಕಾರ್ಮಿಕರ ಮಕ್ಕಳಿಗೆಂದೇ ಇರುವ ಒಂದು ಯೋಜನೆ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಕೇಂದ್ರ ಸರಕಾರ 2006-07ರಲ್ಲಿ ವಿದೇಶದಲ್ಲಿರುವ ಭಾರತೀಯರ ಮಕ್ಕಳಿಗಾಗಿ, ವರ್ಷಕ್ಕೆ 4,000 ಡಾಲರ್‌ವರೆಗಿನ ವಿದ್ಯಾರ್ಥಿವೇತನ ಆರಂಭಿಸಿತು. 2016-17ರಲ್ಲಿ ಅದನ್ನು ತಿದ್ದಿ, ಒಟ್ಟು 150ರಲ್ಲಿ 50ನ್ನು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹರೈನ್ ಮೊದಲಾದ ದೇಶಗಳ ಕಾರ್ಮಿಕರ ಮಕ್ಕಳಿಗೆ ಇಟ್ಟರು. ಹತ್ತನೆಯ ತರಗತಿ ಪಾಸಾಗದವರು ಕೆಲಸಕ್ಕೆ ಹೋಗಲು ಸರಕಾರದ ವಲಸೆ ಅನುಮತಿ ಪಡೆಯಬೇಕಾದ ದೇಶಗಳಿವು. ಆ ಐವತ್ತರಲ್ಲೂ ಮೂರನೆಯ ಒಂದು ಭಾಗ, ತಾಯಿಯೊಂದಿಗೆ ಊರಲ್ಲೇ ಉಳಿದು ಭಾರತದಲ್ಲೇ ಓದಿದ ಮಕ್ಕಳಿಗೆ. ದೇಶಕ್ಕೆಲ್ಲ ಸೇರಿ ಹದಿನೇಳರಷ್ಟು! ಕಡಿಮೆಯೇ. ಆದರೂ ಅರ್ಜಿ ಹಾಕದವರಿಗೆ ಒಂದೂ ಸಿಗುವುದಿಲ್ಲ. ಇದರ ದಾಖಲೆ ಪರಿಶೀಲನೆ ತಂದೆ ಇರುವ ದೇಶದ ಭಾರತೀಯ ರಾಯಭಾರ ಕಚೇರಿಯ ಮೂಲಕ ನಡೆಯುವುದರಿಂದ, ಈ ವರ್ಷ ಅರ್ಜಿ ಕರೆದಿದ್ದಾರೆಯೇ ಎಂದು ವಿಚಾರಿಸುವ ಕೆಲಸ ತಂದೆಯದು. ಫೋನಿನಲ್ಲಿ ಮನೆಯ ಸುದ್ದಿಯೊಂದಿಗೆ ಇದನ್ನೂ ಹೇಳಿ.

ಇನ್ನೊಂದು ವಿಷಯ, ಬಾಯಿಬಿಟ್ಟು ಹೇಳಲು ಸಂಕೋಚಪಡುವಂಥದ್ದು. ಗಂಡ ವಿದೇಶದಲ್ಲಿದ್ದಾನೆ, ಆದರೆ ಹಣ ಕಳಿಸುವುದಿಲ್ಲ, ಫೋನೂ ಎತ್ತುವುದಿಲ್ಲ. ಊರಿನ ಕಣ್ಣಿಗೆ ಅವಳು ‘ಸೌದಿಯವನ ಹೆಂಡತಿ’, ಒಲೆಯ ಮೇಲೆ ಮಾತ್ರ ಬರೀ ಪಾತ್ರೆ. ಅಂಥ ಸಹೋದರಿ ಮುಚ್ಚಿಡಬಾರದು. ಆದಾಯ ಪತ್ರಕ್ಕೆ ವಿಚಾರಣೆಗೆ ಬರುವ ಗ್ರಾಮ ಆಡಳಿತಾಧಿಕಾರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬ್ಯಾಂಕ್ ಪಾಸ್‌ಬುಕ್ ತೋರಿಸಿ, ಪ್ರಮಾಣಪತ್ರದಲ್ಲಿ ಬರೆಸಿ. ಜೀವನಾಂಶದ ಮೊಕದ್ದಮೆ ಇದ್ದರೆ ಅದರ ಪ್ರತಿ ಬಲವಾದ ದಾಖಲೆ. ಹೆಂಡತಿ ಮಕ್ಕಳ ನಫಖಾ ಗಂಡನ ಮೇಲಿನ ಕಡ್ಡಾಯ ಹೊಣೆ, ಅವನು ರಿಯಾದಿನಲ್ಲಿದ್ದರೂ ರಾಯಚೂರಿನಲ್ಲಿದ್ದರೂ. ಆತ ಎಲ್ಲಿದ್ದಾನೆಂದೇ ತಿಳಿಯದಿದ್ದರೆ ಅಥವಾ ಕಂಪನಿಯೇ ಸಂಬಳ ಹಿಡಿದಿಟ್ಟಿದ್ದರೆ, ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ ‘ಮದದ್’ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು. 2016ರಲ್ಲಿ ಸೌದಿಯ ಕಟ್ಟಡ ಕಂಪನಿಗಳಲ್ಲಿ ಸಾವಿರಾರು ಭಾರತೀಯರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಕುಳಿತಿದ್ದರು. 2020ರ ಕೊರೋನಾದಲ್ಲಿ ಎಷ್ಟೋ ಜನ ಕೆಲಸ ಕಳೆದುಕೊಂಡು ಬರಿಗೈಯಲ್ಲಿ ಮರಳಿದರು. ಆದಾಯ ಪತ್ರಕ್ಕೆ ಐದು ವರ್ಷ ಬಾಳಿಕೆ ಇದೆಯೆಂದು ಹಳೆಯದನ್ನೇ ಇಟ್ಟುಕೊಂಡು ಕೂಡಬೇಡಿ. ಗಳಿಕೆ ನಿಂತಿದ್ದರೆ ನಾಡಕಚೇರಿಯಲ್ಲಿ ಹೊಸ ಅರ್ಜಿ ಕೊಡಿ.

ಬ್ಯಾಂಕ್ ಸಾಲದ ಬಗ್ಗೆಯೂ ಒಂದು ಮಾತು. ಬಡ್ಡಿಯ ಕಾರಣ ಅದರಿಂದ ದೂರ ಇರುವವರಿಗೆ ನಾನು ಸಲಹೆ ಕೊಡುವುದಿಲ್ಲ. ಆದರೆ ತಂದೆ ಇಲ್ಲಿಲ್ಲ ಎಂಬ ಕಾರಣಕ್ಕೆ ಶಿಕ್ಷಣ ಸಾಲವೇ ಸಿಗದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜೊತೆ ಸಾಲಗಾರರಾಗಿ ತಾಯಿಯೂ ಸಹಿ ಹಾಕಬಹುದು. ತಂದೆಯ ಸಹಿಯೇ ಬೇಕೆಂದರೆ ಅವರು ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳಿಸಲಿ. ಅದು ಭಾರತಕ್ಕೆ ಬಂದು ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು.

ಇಷ್ಟೆಲ್ಲ ಮಾಡಿದರೂ ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಹೆಸರಿನಿಂದ. ಪಾಸ್‌ಪೋರ್ಟಿನಲ್ಲಿ ‘ಮುಹಮ್ಮದ್ ಹುಸೇನ್’, ಆಧಾರಿನಲ್ಲಿ ‘ಮಹ್ಮದಸಾಬ’, ಮಗಳ ಅಂಕಪಟ್ಟಿಯಲ್ಲಿ ‘ಎಂ. ಹುಸೇನಸಾಬ’. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ತಂದೆ ತಾಯಿಯ ಆಧಾರ್ ವಿವರವನ್ನೂ ಕೇಳುತ್ತಾರೆ. ಹಣ ಬರುವುದು ಮಗಳ ಹೆಸರಿನ, ಆಧಾರ್ ಜೋಡಿಸಿದ ಖಾತೆಗೆ. ತಂದೆಗೆ ಆಧಾರ್ ಇಲ್ಲದಿದ್ದರೆ, 2019ರಿಂದ ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಗಳು 182 ದಿನ ಕಾಯದೆ, ಊರಿಗೆ ಬಂದ ಕೂಡಲೇ ಮಾಡಿಸಿಕೊಳ್ಳಬಹುದು. ಆದ್ದರಿಂದ ಈ ಸಲ ಅವರು ರಜೆಗೆ ಬರುವಾಗ ಖರ್ಜೂರ, ಕಂಬಳಿಯ ಜೊತೆಗೆ ಕಂಪನಿಯ ಸಂಬಳದ ಪತ್ರ, ಇಖಾಮಾದ ಪ್ರತಿ, ಆರು ತಿಂಗಳ ಬ್ಯಾಂಕ್ ವಿವರ ತರಲಿ. ಬಂದ ಮೊದಲ ವಾರದಲ್ಲೇ, ದಾವತ್ತುಗಳು ಶುರುವಾಗುವ ಮುಂಚೆ, ಒಂದು ದಿನ ಆಧಾರ್ ಕೇಂದ್ರಕ್ಕೂ ಒಂದು ದಿನ ನಾಡಕಚೇರಿಗೂ ಮಗಳನ್ನು ಕರೆದುಕೊಂಡು ಹೋಗಿ ಬರಲಿ.