ಮುರಿದದ್ದು ಕಾಲು, ಸೊಂಟಕ್ಕೆ ಯಾಕೆ ಕತ್ತರಿ?

ಕಾಸರಗೋಡು: ಅಡಿಕೆ ಮರದಿಂದ ಜಾರಿ ಬಿದ್ದೋ, ಬೈಕ್ ಉರುಳಿಯೋ ಕಾಲು ಮುರಿದುಕೊಂಡವರಿಗೆ ಗಡಿನಾಡಿನಲ್ಲಿ ಮಂಗಳೂರಿನ ಆಸ್ಪತ್ರೆ ದಾರಿ ಹೊಸತಲ್ಲ. ಪ್ಲೇಟು, ಸ್ಕ್ರೂ, ರಾಡು ಎಂಬ ಮಾತುಗಳೂ ಮನೆಮಂದಿಗೆ ಪರಿಚಿತ. ಆದರೆ ಎಲುಬಿನ ಒಂದು ಭಾಗವೇ ಪುಡಿಯಾಗಿ ನಷ್ಟವಾದಾಗ ಡಾಕ್ಟರು 'ಬೋನ್ ಗ್ರಾಫ್ಟ್ ಬೇಕು, ಸೊಂಟದಿಂದ ಸ್ವಲ್ಪ ಎಲುಬು ತೆಗೆಯಬೇಕಾಗ್ತದೆ' ಎಂದರೆ ಗಾಬರಿ. 'ಡಾಕ್ಟ್ರೇ, ಮುರಿದದ್ದು ಕಾಲಲ್ವಾ?'

ಪ್ರಶ್ನೆ ನ್ಯಾಯವಾದದ್ದೇ. ತೋಟದವರಿಗೆ ಕಸಿ ಕಟ್ಟುವುದು ಗೊತ್ತು, ಇದೂ ಒಂದು ಬಗೆಯ ಕಸಿ. ನಮ್ಮದೇ ಎಲುಬಿನಲ್ಲಿ ಜೀವಕೋಶವೂ ಇದೆ, ಹೊಸ ಎಲುಬು ಹಬ್ಬಲು ಚೌಕಟ್ಟೂ ಇದೆ, ದೇಹ ಅದನ್ನು ದೂರ ತಳ್ಳುವುದೂ ಇಲ್ಲ. ಹಾಗಾಗಿ ಇವತ್ತಿಗೂ ಅದೇ ಮೊದಲ ಆಯ್ಕೆ. ತೊಂದರೆ ಎಂದರೆ ಎರಡನೇ ಗಾಯ. ಕೆಲವರಿಗೆ ಸೊಂಟದ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಮಕ್ಕಳಲ್ಲಿ, ಎಲುಬು ಸವೆದ ಹಿರಿಯರಲ್ಲಿ ತೆಗೆಯಲು ಸಿಗುವುದೂ ಕಡಿಮೆ.

ಬದಲಿ ವಸ್ತು ಹುಡುಕಿದವರು ಎಲುಬನ್ನೇ ನೋಡಿ ಕಲಿತರು. ಕೋಳಿ ಎಲುಬನ್ನು ಕೆಲವು ದಿನ ವಿನೆಗರಿನಲ್ಲಿ ನೆನೆಸಿದರೆ ರಬ್ಬರಿನಂತೆ ಬಾಗುತ್ತದೆ. ಬೆಂಕಿಗೆ ಹಾಕಿ ಸುಟ್ಟರೆ ಮುಟ್ಟಿದರೆ ಪುಡಿ. ಮೊದಲನೆಯದರಲ್ಲಿ ಖನಿಜ ಹೋಯಿತು, ಎರಡನೆಯದರಲ್ಲಿ ಕೊಲಾಜೆನ್ ಎಂಬ ನಾರು ಹೋಯಿತು. ಎರಡೂ ಸೇರಿದರೇ ಎಲುಬು. ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಖನಿಜ, ಅದರ ಹೆಸರು ಹೈಡ್ರಾಕ್ಸಿಅಪಟೈಟ್.

ಈ ಖನಿಜವನ್ನು ಪ್ರಯೋಗಾಲಯದಲ್ಲಿ ತಯಾರಿಸಬಹುದು. ಆದರೆ ಬರೀ ಅದೊಂದೇ ಆದರೆ ಮಂಗಳೂರು ಹಂಚಿನ ಹಾಗೆ: ಒತ್ತಡ ತಡೆಯುತ್ತದೆ, ಪೆಟ್ಟು ಬಿದ್ದರೆ ಒಡೆಯುತ್ತದೆ. ಅದಕ್ಕೇ ಕೊಲಾಜೆನ್ನೋ ಪಾಲಿಮರೋ ಬೆರೆಸಿದ ಮಿಶ್ರ ವಸ್ತುಗಳು ಬಂದವು. ಇನ್ನು ಕೆಲವದರಲ್ಲಿ ಗಾಜು. ಹೌದು, ಗಾಜೇ! ಎಲುಬಿಗೆ ಅಂಟಿಕೊಳ್ಳುವ ಗಾಜನ್ನು 1969ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಹೆಂಚ್ ತಯಾರಿಸಿದರು. ವಸ್ತುವಿನಲ್ಲಿ ಒಂದಕ್ಕೊಂದು ಸೇರಿದ ಸಣ್ಣ ತೂತುಗಳಿದ್ದರೆ ರಕ್ತನಾಳ, ಜೀವಕೋಶ ಒಳಗೆ ನುಗ್ಗುತ್ತವೆ. ಅದು ಕರಗುತ್ತಾ ಹೋದಂತೆ ಆ ಜಾಗದಲ್ಲಿ ಸ್ವಂತ ಎಲುಬು ಬೆಳೆಯಬೇಕು. ಬೇಗ ಕರಗಿದರೆ ಗುಂಡಿ ಉಳಿಯುತ್ತದೆ, ಕರಗದಿದ್ದರೆ ಅಡ್ಡಿ. ಕಷ್ಟ ಇರುವುದೇ ಈ ಲೆಕ್ಕದಲ್ಲಿ.

ಈ ಕೆಲಸ ಕೇರಳದಲ್ಲೇ, ರಾಜ್ಯದ ಇನ್ನೊಂದು ತುದಿಯಲ್ಲೂ ನಡೆದಿದೆ ಎಂಬುದು ಇಲ್ಲಿ ಹೆಚ್ಚಿನವರಿಗೆ ತಿಳಿಯದು. 1990ರಲ್ಲಿ ರೋಗಿಗೆ ಅಳವಡಿಸಿದ ಹೃದಯ ಕವಾಟದಿಂದ ಹೆಸರಾದ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಹೈಡ್ರಾಕ್ಸಿಅಪಟೈಟಿಗೆ ಕ್ಯಾಲ್ಸಿಯಂ ಸಿಲಿಕೇಟ್ ಸೇರಿಸಿದ ಸೆರಾಮಿಕ್ ತಯಾರಿಸಿತು. ಅದನ್ನು ಆಡಿನ ತೊಡೆ ಎಲುಬಿನಲ್ಲಿ ಪರೀಕ್ಷಿಸಿದ ವರದಿ 2009ರಲ್ಲಿ ಪ್ರಕಟವಾಯಿತು. ಆಡಿನದೇ ಜೀವಕೋಶ ತುಂಬಿಟ್ಟಾಗ ಬೆಳವಣಿಗೆ ಇನ್ನೂ ಚೆನ್ನಾಗಿತ್ತು.

ಹಾಗೆಂದು ಬದಲಿ ವಸ್ತು ಹಾಕಿದ ಮರುದಿನವೇ ಕಾಲೂರಿ ನಡೆಯುವಂತಿಲ್ಲ. ಭಾರ ಹೊರುವುದು ಪ್ಲೇಟು, ರಾಡುಗಳೇ. ಗಾಯದಲ್ಲಿ ಕೀವಿದ್ದರೆ ಮೊದಲು ಅದು ವಾಸಿಯಾಗಬೇಕು. ಬೀಡಿ ಬಿಡದವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಯಾವ ಕಸಿಯೂ ನಿಧಾನ.

ಬಿಲ್ಲಿನಲ್ಲಿ 'ಬೋನ್ ಸಬ್‌ಸ್ಟಿಟ್ಯೂಟ್' ಎಂದು ಕಂಡರೆ ಅದು ಇದೇ. ಆಪರೇಷನ್ನಿಗೆ ಮೊದಲೇ ಕೇಳಬಹುದು: ಇದು ಸೊಂಟದ ಎಲುಬಿನ ಬದಲಿಗೋ, ಅದರ ಜೊತೆಗೋ? ರೇಟೆಷ್ಟು? ಕಾಲೂರಲು ಎಷ್ಟು ದಿನ? ಪ್ಯಾಕೆಟ್ಟಿನ ಮೇಲಿನ ಬ್ಯಾಚ್ ನಂಬರಿನ ಚೀಟಿಯ ಒಂದು ಪ್ರತಿಯನ್ನು ಕೇಳಿ ಪಡೆದು ಎಕ್ಸ್‌ರೇ ಕವರಿನಲ್ಲೇ ಇಟ್ಟುಕೊಂಡರೆ ಮುಂದೆ ಬೇರೆ ಡಾಕ್ಟರಿಗೆ ತೋರಿಸಲು ಅನುಕೂಲ.